ದೊಡ್ಡ ಸಿಸ್ಟರ್ ಸಹಿ

“ಓದಮ್ಮ. ಗಂಟಲಲ್ಲಿ ಏನು ಸಿಕ್ಕಿಕೊಂಡಿದೆ?”

ಅತ್ತೆ ಎರಡನೇ ಸಲ ಕೇಳಿದರೂ ಸೊಸೆ ಬಾಯಿ ಬಿಡಲಿಲ್ಲ. ಕಂಪ್ಯೂಟರಿನ ಪರದೆಯ ಮೇಲಿದ್ದದ್ದು ಮೂರೇ ಮೂರು ಸಾಲು. ಜೋರಾಗಿ ಓದಿದರೆ ಬರೆದವರು ಎಲ್ಲಿ ಬೆನ್ನ ಹಿಂದೆ ಬಂದು ನಿಲ್ಲುತ್ತಾರೋ ಎನ್ನುವಂತೆ ಅವಳು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು.

ನಡುಮಧ್ಯಾಹ್ನ. ಹೊರಗೆ ಬಿಸಿಲು ಸುಣ್ಣ ಬಳಿದ ಹಾಗೆ ಬಿದ್ದಿತ್ತು. ಗಾಜಿನ ಗೋಡೆಯಾಚೆ ಕ್ಯಾನ್ಸರ್ ವಾರ್ಡಿನ ಮಂಚಗಳು, ಹನಿ ಹನಿಯಾಗಿ ಇಳಿಯುವ ಬಾಟಲಿಗಳು, ಎಳೆದ ಪರದೆಗಳು. ಇಷ್ಟು ಬೆಳಕಿನಲ್ಲಿ ಹೆದರಿಕೊಳ್ಳುವುದಕ್ಕೂ ಒಂದು ನಾಚಿಕೆ ಬೇಡವೇ?

“‘ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಾರೆ,’” ಸೊಸೆ ಕೊನೆಗೂ ಓದಿದಳು. “‘ಇಂಜೆಕ್ಷನ್ ಆದ ಮೇಲೆ ನೋವು ಇಳಿದಿದೆ. ಕೈ ಹಿಡಿದು ಕೂತಿದ್ದೆ.’ ಸಹಿ, ದೊಡ್ಡ ಸಿಸ್ಟರ್.”

“ಹೂಂ. ಈ ದೊಡ್ಡ ಸಿಸ್ಟರ್ ತೀರಿಕೊಂಡು ಎಷ್ಟು ದಿನವಾಯ್ತು?”

“ವರ್ಷದ ಮೇಲಾಯ್ತು ಅತ್ತೆ. ಇದೇ ವಾರ್ಡಲ್ಲಿ. ಇದೇ ಕಾಯಿಲೆಯಲ್ಲಿ.”

ಮೇಷ್ಟ್ರು ಎಂದರೆ ಹೋದ ವಾರ ಇಲ್ಲಿ ಕಣ್ಣು ಮುಚ್ಚಿದ ಸಂಗೀತದ ಮೇಷ್ಟ್ರು. ನೋವಿನ ಬಲವಾದ ಇಂಜೆಕ್ಷನ್ ಒಂದರ ಬೆನ್ನಿಗೆ ಒಂದು, ಎರಡು ಬಿದ್ದು ಉಸಿರು ನಿಂತಿತು ಎನ್ನುತ್ತದೆ ಆಸ್ಪತ್ರೆ. ಎರಡೂ ಕೊಟ್ಟವಳು ಚಿಕ್ಕ ಸಿಸ್ಟರ್ ಎಂದು ಆರೋಪ. ನಾಳೆ ಬೆಳಿಗ್ಗೆ ವಿಚಾರಣೆ ಸಮಿತಿ ಕೂರುತ್ತದೆ. ಅದು ಎದ್ದ ಮೇಲೆ ಹುಡುಗಿ ನೇರವಾಗಿ ಪೊಲೀಸರ ಕೈಗೆ. ಆ ಹುಡುಗಿ ಸೊಸೆಗೆ ಚಿಕ್ಕಮ್ಮನ ಮಗಳು.

ಅತ್ತೆ ಪೊಲೀಸ್ ಇಲಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಈಗ ಸೊಸೆಯನ್ನು ಜೊತೆಗೆ ಕಟ್ಟಿಕೊಂಡು ಪತ್ತೇದಾರಿಕೆ ನಡೆಸುತ್ತಾರೆ. ಮನೆಯಲ್ಲಿ ಒಂದು ಲೋಟ ಎಲ್ಲಿಡಬೇಕು ಎಂಬುದಕ್ಕೂ ಕಾದಾಡುವ ಇವರಿಬ್ಬರು ಕೇಸಿನ ಮುಂದೆ ಕೂತರೆ ಮಾತ್ರ ನಾಲ್ಕು ಕಣ್ಣು, ಒಂದೇ ತಲೆ. ಆರೋಪ ಹೊತ್ತವರ ಪರವಾಗಿ ದಾಖಲೆ ನೋಡಲು ಆಸ್ಪತ್ರೆ ಇವರಿಗೆ ಅನುಮತಿ ಕೊಟ್ಟಿತ್ತು, ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೋಣೆಯಲ್ಲಿ, ಇವತ್ತು ಸಂಜೆಯವರೆಗೆ.

“ಸರಿಯಾಗಿ ಹೇಳು. ಯಾರು ಕೊಟ್ಟರು, ಯಾರು ನೋಡಿದರು?”

“ಈ ಔಷಧಿಗೆ ಇಬ್ಬರು ನರ್ಸ್ ಸಹಿ ಬೇಕು ಅತ್ತೆ. ಕೊಟ್ಟವರದ್ದೊಂದು, ಪಕ್ಕದಲ್ಲಿ ನಿಂತು ನೋಡಿದವರದ್ದೊಂದು. ಇಬ್ಬರೂ ತಮ್ಮ ಕಾರ್ಡ್ ತೋರಿಸಿದ್ರೇನೇ ಕಂಪ್ಯೂಟರ್ ಒಪ್ಕೊಳ್ಳೋದು. ಮೊದಲನೇ ಇಂಜೆಕ್ಷನ್ ಕೊಟ್ಟಿದ್ದು ದೊಡ್ಡ ಸಿಸ್ಟರ್, ನೋಡಿದ್ದು ನಮ್ಮ ಚಿಕ್ಕವಳು. ಎರಡನೇದು ಕೊಟ್ಟಿದ್ದು ಚಿಕ್ಕವಳು, ನೋಡಿದ್ದು...”

“ದೊಡ್ಡ ಸಿಸ್ಟರ್.”

“ಹೌದು.”

“ಬದುಕಿದ್ದಾಗ ಇಷ್ಟು ಕೆಲಸ ಮಾಡಿದ್ರೋ ಇಲ್ವೋ!” ಅತ್ತೆ ಕನ್ನಡಕ ಒರೆಸಿಕೊಂಡರು. ನಗು ತುಟಿಯವರೆಗೆ ಬಂದು ಅಲ್ಲೇ ಇಂಗಿತು. “ಹುಡುಗಿ ಏನಂತಾಳೆ?”

“ಎರಡನೇದು ಮಾತ್ರ ನಾನು ಕೊಟ್ಟಿದ್ದು ಅಂತಾಳೆ. ಕೊಡೋ ಮುಂಚೆ ಕಂಪ್ಯೂಟರ್ ನೋಡಿದ್ಲಂತೆ. ಬೆಳಿಗ್ಗೆಯಿಂದ ಏನೂ ಕೊಟ್ಟಿದ್ದು ಇರಲಿಲ್ಲವಂತೆ. ಮೇಷ್ಟ್ರು ಮಂಚದ ಸರಳು ಹಿಡ್ಕೊಂಡು ಒದ್ದಾಡ್ತಿದ್ರಂತೆ. ಅದಕ್ಕೇ ಕೊಟ್ಟೆ ಅಂತಾಳೆ. ಸತ್ತವರ ಸಹಿ ಹೇಗೆ ಬಂತು ಅಂದ್ರೆ ಮಾತ್ರ ತಲೆ ತಗ್ಗಿಸಿ ಕೂತ್ಕೋತಾಳೆ. ಬೇಕಾದ್ರೆ ಜೈಲಿಗೆ ಹಾಕಲಿ ಅಕ್ಕ, ಅದೊಂದು ಕೇಳಬೇಡ ಅಂತಾಳೆ.”

“ಕೊಲೆ ಮಾಡಿದವರು ಹೀಗೆ ಮಾತಾಡಲ್ಲ. ಯಾರನ್ನೋ ಕಾಪಾಡೋರು ಹೀಗೆ ಮಾತಾಡ್ತಾರೆ.”

ಸೊಸೆ ಕಂಪ್ಯೂಟರಿನಲ್ಲಿ ಇನ್ನೊಂದು ಕಿಟಕಿ ತೆರೆದಳು. “ಇನ್ನೂ ಇದೆ. ಕೊಟ್ಟ ಹೊತ್ತು ಅಂತ ನರ್ಸ್ ಬರೆಯೋದು ಒಂದು. ನಿಜವಾಗಿ ಯಾವಾಗ ಟೈಪ್ ಮಾಡಿದ್ರು ಅಂತ ಕಂಪ್ಯೂಟರ್ ತಾನೇ ಹಿಂದೆ ಗುರುತು ಹಾಕ್ಕೊಳ್ಳೋದು ಇನ್ನೊಂದು. ಈ ಮೂರು ಸಾಲನ್ನ ಟೈಪ್ ಮಾಡಿರೋದು ಮೇಷ್ಟ್ರು ಹೋದ ಮೇಲೆ.”

“ಹೆಣದ ಕೈ ಹಿಡಿದು ಕೂತಿದ್ರಾ?”

“ಹಾಗೆ ಹೇಳಬೇಡಿ ಅತ್ತೆ, ಮೈ ಜುಂ ಅಂತಿದೆ.”

ಆದರೆ ತಡವಾಗಿ ಬರೆದದ್ದು ಸಾಕ್ಷಿಯಾಗುವುದಿಲ್ಲ. ಓಡಾಟದ ನಡುವೆ ಇಲ್ಲಿ ಎಲ್ಲರೂ ಹಾಗೇ. ಕೈ ಮೊದಲು, ಕಂಪ್ಯೂಟರ್ ಆಮೇಲೆ. ಡ್ಯೂಟಿ ಮುಗಿಯುವ ಹೊತ್ತಿಗೆ ಕೂತು, ನೆನಪಿದ್ದಷ್ಟನ್ನು ತುಂಬಿಸಿ ಮನೆಗೆ ಹೋಗುತ್ತಾರೆ. ಸಮಿತಿಯವರು ಹೇಳುವುದೂ ಅದನ್ನೇ. ಮೇಲಾಗಿ ಬೀಗದ ಪೆಟ್ಟಿಗೆಯಿಂದ ಆವತ್ತು ಎರಡು ಇಂಜೆಕ್ಷನ್ ಸೀಸೆ ಹೋಗಿತ್ತು. ಸೀಸೆ ಎರಡು, ಅವಳ ಸಹಿ ಎರಡು, ಸತ್ತವರು ಒಬ್ಬರು. ಕೂಡಿಸಿದರೆ ಹುಡುಗಿಯ ಕತ್ತಿಗೇ ಬರುತ್ತದೆ.

“ಇಂಥ ಸಾಲು ಇದೊಂದೇನಾ?” ಅತ್ತೆ ಕೇಳಿದರು.

ಸೊಸೆ ತಲೆಯಾಡಿಸಿದಳು. ಬೇರೆ ಬೇರೆ ರೋಗಿಗಳ ಹಾಳೆಗಳನ್ನು ಒಂದೊಂದಾಗಿ ತೆರೆದಳು. ಮಿಕ್ಕ ನರ್ಸ್‌ಗಳದ್ದೆಲ್ಲ ಬರೀ ಟಿಕ್ ಗುರುತು. ಜ್ವರಕ್ಕೊಂದು, ವಾಂತಿಗೊಂದು, ನೋವಿಗೊಂದು ಅಂಕಿ. ಆ ಒಣ ಚೌಕಗಳ ಕೆಳಗೆ, ಯಾರೂ ಮುಟ್ಟದ ಖಾಲಿ ಜಾಗದಲ್ಲಿ, ದೀಪ ಹಚ್ಚಿಟ್ಟ ಹಾಗೆ ಅಲ್ಲೊಂದು ಇಲ್ಲೊಂದು ಸಾಲು. ‘ಅಜ್ಜ ಮೊಮ್ಮಗಳ ಹೆಸರು ಹೇಳಿದರು. ಕೈ ಹಿಡಿದು ಕೂತಿದ್ದೆ.’ ‘ತಾಯಿಗೆ ನಿದ್ದೆ ಬಂತು. ಕೈ ಹಿಡಿದು ಕೂತಿದ್ದೆ.’ ಎಲ್ಲವೂ ದೊಡ್ಡ ಸಿಸ್ಟರ್ ಹೋದ ನಂತರದವು. ಬರೆಸಿಕೊಂಡವರಲ್ಲಿ ಯಾರೂ ಈಗ ಬದುಕಿಲ್ಲ.

“ಅದನ್ನ ಮುಚ್ಚಿ, ಮೇಡಂ.”

ಇಬ್ಬರೂ ತಿರುಗಿದರು. ಬಾಗಿಲಲ್ಲಿ ಇನ್‌ಚಾರ್ಜ್ ಸಿಸ್ಟರ್. ಇಸ್ತ್ರಿ ಮುರಿಯದ ಬಟ್ಟೆ, ಬಾಚಿ ಬಿಗಿದ ಕೂದಲು. ಕಣ್ಣು ಮಾತ್ರ ನಿದ್ದೆಯನ್ನು ಮರೆತು ಬಹಳ ಕಾಲವಾದ ಕಣ್ಣು.

“ಯಾಕೆ ಸಿಸ್ಟರ್?” ಅತ್ತೆ ಮೆತ್ತಗೆ ಕೇಳಿದರು.

“ಅದು ನಮ್ಮ ವಾರ್ಡಿನ ವಿಷಯ.”

“ನಾಳೆ ಒಬ್ಬಳು ಹುಡುಗಿ ಕೈಗೆ ಕೋಳ ಬೀಳುತ್ತೆ. ಅದು ಯಾರ ವಾರ್ಡಿನ ವಿಷಯ?”

ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಠಾಣೆಯಲ್ಲಿ ಅವರು ಕೂಗಾಡಿದ್ದನ್ನು ಯಾರೂ ಕೇಳಿದವರಿಲ್ಲ. ಅವರ ದನಿ ತಗ್ಗಿತು ಎಂದರೆ ಎದುರಿದ್ದವರು ಹುಷಾರಾಗಬೇಕು.

“ನಾನು ಹೇಳ್ತೀನಿ, ತಪ್ಪಾದ್ರೆ ತಿದ್ದಿ. ಈ ವಾರ್ಡಲ್ಲಿ ಒಂದೊಂದು ಹೊತ್ತಿಗೆ ಒಬ್ಬಳೇ ನರ್ಸ್. ಕಂಪ್ಯೂಟರ್ ಕೇಳೋದು ಇಬ್ಬರ ಸಹಿ. ರೋಗಿ ಕಿರುಚ್ತಾ ಇದ್ದಾಗ ಇನ್ನೊಬ್ಬರನ್ನ ಎಲ್ಲಿಂದ ಹುಡುಕ್ಕೊಂಡು ಬರ್ತೀರಿ? ಅದಕ್ಕೆ ಒಂದು ದಾರಿ ಮಾಡ್ಕೊಂಡ್ರಿ. ದೊಡ್ಡ ಸಿಸ್ಟರ್ ಕಾರ್ಡ್ ಎಲ್ಲಿದೆ?”

ಇನ್‌ಚಾರ್ಜ್ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡರು.

“ಹತ್ತಿ ಡಬ್ಬಿಯಲ್ಲಿ,” ಇನ್‌ಚಾರ್ಜ್ ಹೇಳಿದರು. ಹೇಳಿದ ಮೇಲೆ ಕುರ್ಚಿ ಎಳೆದು ಕೂತರು. “ಔಷಧಿ ಗಾಡಿ ಮೇಲಿರೋ ಹತ್ತಿ ಡಬ್ಬಿಯ ತಳದಲ್ಲಿ. ಎಲ್ಲರೂ ಬಳಸ್ತೀವಿ. ಎರಡನೇ ಸಹಿ ಬೇಕು ಅಂದಾಗ ‘ದೊಡ್ಡ ಸಿಸ್ಟರ್‌ನ ಕರೀರಿ’ ಅಂತೀವಿ. ಕಾರ್ಡ್ ಬಂದ್ ಮಾಡ್ತೀವಿ ಅಂತ ಆಫೀಸಿನವರು ಎರಡು ಸಲ ಕೇಳಿದ್ರು. ನಾನೇ ಬೇಡ ಅಂದೆ. ಸುಳ್ಳು ಹೇಳಿದೆ, ಹಳೇ ದಾಖಲೆಗೆ ಬೇಕಾಗುತ್ತೆ ಅಂತ.”

“ಇದನ್ನ ಬಾಯಿ ಬಿಡಬಾರದು ಅಂತ ಆ ಹುಡುಗಿ ಜೈಲಿಗೆ ಹೋಗೋಕೂ ತಯಾರಾಗಿ ಕೂತಿದ್ದಾಳೆ.”

“ಗೊತ್ತು.”

“ಗೊತ್ತಿದ್ದೂ ಸುಮ್ಮನಿದ್ದೀರಿ?”

“ನಾನು ಬಾಯಿ ಬಿಟ್ಟರೆ ಈ ವಾರ್ಡಿನ ಒಬ್ಬಳಿಗೂ ಕೆಲಸ ಉಳಿಯಲ್ಲ ಮೇಡಂ! ನಾಳೆ ಈ ಮಂಚಗಳ ಹತ್ತಿರ ಯಾರು ನಿಲ್ತಾರೆ? ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.”

“ಸರಿ. ಕಾರ್ಡ್ ಎಲ್ಲರದ್ದು. ಆದ್ರೆ ಈ ಸಾಲುಗಳು? ‘ಕೈ ಹಿಡಿದು ಕೂತಿದ್ದೆ’ ಅಂತ ಬರೆಯೋರು ಯಾರು?”

ಇನ್‌ಚಾರ್ಜ್ ಪರದೆಯ ಕಡೆ ನೋಡಿದರು. ಹುಷಾರಿಲ್ಲದ ಮಗುವನ್ನು ನೋಡುವ ನೋಟ ಅದು.

“ಅವಳೇ,” ಎಂದರು.

ಸೊಸೆ ಮೌಸ್ ಬಿಟ್ಟು ಅವರ ಕಡೆ ತಿರುಗಿದಳು.

“ನಗಬೇಡಿ. ನಾವಿಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿದವರು. ಅವಳ ಬರಹ ಹಾಗೇ ಇತ್ತು. ಎಷ್ಟು ಬೈದರೂ ಕೊನೆಗೆ ಆ ಮಾತು ಬರೀದೆ ಎದ್ದು ಹೋಗ್ತಿರಲಿಲ್ಲ. ಸತ್ತ ಮೇಲೂ ಬರೋಕೆ ಶುರುವಾಯ್ತು. ಮೊದಲು ನಮ್ಮ ಹುಡುಗಿಯರಲ್ಲಿ ಯಾರೋ ಬರೀತಿದಾರೆ ಅಂದ್ಕೊಂಡೆ. ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ ಇಲ್ಲ ಅಂದ್ರು. ಎಲ್ಲರಿಗೂ ಹೆದರಿಕೆ. ಆಮೇಲೆ ನಾನು ಕೇಳೋದು ಬಿಟ್ಟೆ. ಯಾರಾದರೂ ಹೋದ ದಿನ ಅವರ ಹಾಳೆ ತೆಗೆದು ನೋಡ್ತೀನಿ. ಆ ಸಾಲು ಇದ್ದರೆ ಸದ್ಯ, ಇವರು ಒಂಟಿಯಾಗಿ ಹೋಗಲಿಲ್ಲ ಅಂದ್ಕೋತೀನಿ. ಅದಾದ ಮೇಲೇ ನನಗೆ ಮನೆಯಲ್ಲಿ ಊಟ ಇಳಿಯೋದು.”

ಅತ್ತೆ ನಗಲಿಲ್ಲ. ಅವರಿಗೂ ಒಂದು ಮನೆ, ಒಂದು ಖಾಲಿ ಕುರ್ಚಿ ಇತ್ತು.

“ಡಬ್ಬಿ ತೋರಿಸಿ,” ಎಂದರು.

ಔಷಧಿ ಗಾಡಿ ಕೋಣೆಯ ಹೊರಗೇ ನಿಂತಿತ್ತು. ಇನ್‌ಚಾರ್ಜ್ ಸ್ಟೀಲಿನ ಡಬ್ಬಿ ತಂದು ಮುಚ್ಚಳ ತೆಗೆದು, ಹತ್ತಿಯನ್ನೆಲ್ಲ ಮೇಜಿನ ಮೇಲೆ ಸುರಿದರು. ತಳದಲ್ಲಿ ಏನೂ ಇರಲಿಲ್ಲ.

“ಬೆಳಿಗ್ಗೆ ಇತ್ತು,” ಇನ್‌ಚಾರ್ಜ್ ಪಿಸುಗುಟ್ಟಿದರು. “ಡ್ಯೂಟಿ ಹುಡುಗಿ ರೋಗಿಯನ್ನ ಸ್ಕ್ಯಾನ್‌ಗೆ ಕರ್ಕೊಂಡು ಕೆಳಗೆ ಹೋಗಿದಾಳೆ. ಡಾಕ್ಟರು ಈಗಷ್ಟೇ ಒಂದು ಸುತ್ತು ಹಾಕಿ ಹೋದ್ರು. ಇನ್ನು ಯಾರು...”

ಆಗಲೇ ವಾರ್ಡಿನಿಂದ ಕರೆಗಂಟೆ ಕೇಳಿಸಿತು. ಬಿಡದೆ, ಒತ್ತಿದ ಬೆರಳು ತೆಗೆಯದೆ.

ಗಂಟೆ ಒತ್ತಿದವರು ಕಿಟಕಿ ಪಕ್ಕದ ಮಂಚದ ಟೈಲರಮ್ಮ. ಒಂದು ಕಾಲಕ್ಕೆ ಊರಿನ ಅರ್ಧ ಜನರ ಅಳತೆ ಬಾಯಿಪಾಠವಿದ್ದವರು. ಕಾಯಿಲೆ ಮೂಳೆಯಿಂದ ಹತ್ತಿ ತಲೆಗೇರಿದ ಮೇಲೆ ಬೆಳಿಗ್ಗೆಯ ಮಾತು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಹಲ್ಲು ಕಚ್ಚಿಕೊಂಡು, ಮೊಣಕಾಲು ಹೊಟ್ಟೆಗೆ ಮಡಚಿಕೊಂಡು ನಡುಗುತ್ತಿದ್ದರು.

“ಏನ್ರೇ, ಮೂರು ಮೂರು ಜನ ಬಂದಿದೀರಿ,” ಎಂದರು ನೋವಿನ ನಡುವೆಯೇ. “ನನ್ನ ಅಳತೆ ತಗೋತೀರಾ? ಬಟ್ಟೆ ಜಾಸ್ತಿ ಬೇಕಾಗಲ್ಲ ಬಿಡಿ... ಅಯ್ಯೋ, ಕೊಡೇ ತಾಯಿ, ಏನಾದ್ರೂ ಕೊಡೇ!”

“ಕೊಟ್ಟೆ, ಕೊಟ್ಟೆ ಅಮ್ಮ.” ಇನ್‌ಚಾರ್ಜ್ ಔಷಧಿ ಪೆಟ್ಟಿಗೆಯ ಬೀಗ ತೆಗೆದು ಸಿರಿಂಜಿಗೆ ಇಂಜೆಕ್ಷನ್ ಎಳೆದುಕೊಂಡರು. ಅಭ್ಯಾಸದಂತೆ ಮಂಚದ ಪಕ್ಕದ ಗಾಲಿ ಕಂಪ್ಯೂಟರನ್ನು ಹತ್ತಿರ ಎಳೆದು ಹಾಳೆ ತೆರೆದರು.

ಪರದೆಯ ಮೇಲೆ ಹೊಸ ಸಾಲೊಂದು ಇತ್ತು. ‘ಇಂಜೆಕ್ಷನ್ ಕೊಟ್ಟಾಯಿತು. ನೋವು ಇಳಿದಿದೆ. ಕೈ ಹಿಡಿದು ಕೂತಿದ್ದೆ.’

“ಈಗಷ್ಟೇ ಬರೆದಿದ್ದು,” ಸೊಸೆ ಕಂಪ್ಯೂಟರ್ ಹಾಕಿದ್ದ ಹೊತ್ತಿನ ಗುರುತು ತೋರಿಸಿದಳು. “ನಾವು ಒಳಗೆ ಮಾತಾಡ್ತಾ ಇದ್ದಾಗ.”

“ಟೈಲರಮ್ಮ, ನಿಮಗೆ ಈಗ ಯಾರಾದ್ರೂ ಸೂಜಿ ಚುಚ್ಚಿದ್ರಾ?” ಅತ್ತೆ ಬಗ್ಗಿ ಕೇಳಿದರು.

“ಇಲ್ಲ... ಚುಚ್ಚಿದ್ರೇನೋ... ಯಾರೋ ಬಿಳಿ ಬಟ್ಟೆಯವರು ಬಂದಿದ್ರು. ಇವತ್ತಾ, ನಿನ್ನೆನಾ? ನನ್ನ ಕೇಳಬೇಡಿ, ಕೊಡಿ!”

ಇನ್‌ಚಾರ್ಜ್ ಸಿರಿಂಜು ಹಿಡಿದು ಒಮ್ಮೆ ಪರದೆಯನ್ನು, ಒಮ್ಮೆ ರೋಗಿಯನ್ನು ನೋಡಿದರು. ಸಾಲು ನಿಜವಾಗಿದ್ದು, ಅದರ ಮೇಲೆ ಇನ್ನೊಂದು ಕೊಟ್ಟರೆ ಮೇಷ್ಟ್ರ ಹಾದಿಯೇ. ಸಾಲು ಸುಳ್ಳಾಗಿದ್ದು ಕೊಡದೆ ಬಿಟ್ಟರೆ, ಈ ಹೆಂಗಸು ಸಂಜೆಯವರೆಗೂ ಹೀಗೇ ಸುಟ್ಟುಕೊಳ್ಳಬೇಕು.

“ಸಿಸ್ಟರ್, ಕಣ್ಣು ನೋಡಿ!”

ವಾರ್ಡಿನ ಬಾಗಿಲಿಂದ ಚಿಕ್ಕ ಸಿಸ್ಟರ್ ಓಡಿ ಬಂದಿದ್ದಳು. ಅವಳು ಒಳಗೆ ಕಾಲಿಡಬಾರದು ಎಂದು ಆಜ್ಞೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವಳಿಗೆ ಗಂಟೆಯ ಸದ್ದು ಕೇಳಿ ತಡೆಯಲಾಗಿರಲಿಲ್ಲ.

ಇನ್‌ಚಾರ್ಜ್ ಎಚ್ಚೆತ್ತವರಂತೆ ಟೈಲರಮ್ಮನ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಉಸಿರನ್ನು ಗಮನಿಸಿದರು. ಇನ್ನೊಮ್ಮೆ ಟಾರ್ಚು ಬಿಟ್ಟರು.

“ಈ ಔಷಧಿ ಒಳಗೆ ಹೋಗಿದ್ರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿರಬೇಕು,” ಎಂದರು, ತಮಗೇ ಹೇಳಿಕೊಳ್ಳುವಂತೆ. “ಉಸಿರು ಇಳಿದಿರಬೇಕು. ಏನೂ ಆಗಿಲ್ಲ. ಯಾರೂ ಕೊಟ್ಟಿಲ್ಲ.”

ಪರದೆಗೆ ಬೆನ್ನು ಹಾಕಿ ಅವರು ಸೂಜಿ ಚುಚ್ಚಿದರು. ನಿಧಾನಕ್ಕೆ ಟೈಲರಮ್ಮನ ಮೊಣಕಾಲು ಸಡಿಲವಾಯಿತು. ಬೆವರಿದ ಹಣೆಯ ಗೆರೆಗಳು ಒಂದೊಂದಾಗಿ ಬಿಚ್ಚಿಕೊಂಡವು.

“ಪೆಟ್ಟಿಗೆಯಲ್ಲಿ ಸೀಸೆ?” ಅತ್ತೆ ಕೇಳಿದರು.

ಇನ್‌ಚಾರ್ಜ್ ಎಣಿಸಿದರು. “ನಾನು ತೆಗೆದದ್ದು ಬಿಟ್ಟು ಇನ್ನೊಂದು ಕಮ್ಮಿ.”

“ಸೀಸೆ ಹೋಗಿದೆ. ರೋಗಿಗೆ ಬಂದಿಲ್ಲ.” ಅತ್ತೆ ಒಂದೊಂದೇ ಮಾತನ್ನು ನೆಲದ ಮೇಲಿಟ್ಟ ಹಾಗೆ ಹೇಳಿದರು. “ಮೇಷ್ಟ್ರ ವಿಷಯದಲ್ಲೂ ಇದೇ. ಮೊದಲನೇ ಇಂಜೆಕ್ಷನ್ ಕೊಟ್ಟೇ ಇಲ್ಲ. ಬರೆದಿದ್ದಾರೆ ಅಷ್ಟೇ. ಚಿಕ್ಕವಳೇ, ನೀನು ಕೊಟ್ಟಿದ್ದೊಂದೇ ಅವರಿಗೆ ಸಿಕ್ಕಿದ್ದು. ಅವರನ್ನ ಕರ್ಕೊಂಡು ಹೋಗಿದ್ದು ಅವರ ಕಾಯಿಲೆ, ನೀನಲ್ಲ.”

ಚಿಕ್ಕ ಸಿಸ್ಟರ್ ಮಂಚದ ಕಾಲಿಗೆ ಒರಗಿ ಕುಸಿದು ಕೂತಳು. ಅಳು ಬರಲಿಲ್ಲ. ಹೋದ ವಾರದಿಂದ ಹಿಡಿದಿಟ್ಟ ಉಸಿರು ಮಾತ್ರ ಹೊರಗೆ ಬಂತು.

“ಅಂದ್ರೆ ಕಳ್ಳತನ,” ಸೊಸೆ ಹೇಳಿದಳು. “ಹೊರಗೆ ಈ ಔಷಧಿಗೆ ಯಾರು ಬೇಕಾದ್ರೂ ಕಾದಿರ್ತಾರೆ. ಸೀಸೆ ಜೇಬಿಗೆ, ಸಾಲು ರೋಗಿಗೆ. ಕೇಳೋಕೆ ಸಾಯೋರಿಗೆ ಬಾಯಿಲ್ಲ, ಬರೆದೋರು ಮೊದಲೇ ಸತ್ತಿದ್ದಾರೆ.”

ಅಷ್ಟು ಹೇಳಿದವಳು ನಾಲಿಗೆ ಕಚ್ಚಿಕೊಂಡಳು. ಇನ್‌ಚಾರ್ಜ್ ಮುಖ ಬಿಳಿಚಿಕೊಂಡು ಸುಣ್ಣವಾಗಿತ್ತು.

“ಆ ಸಾಲು ಇದ್ದವರೆಲ್ಲ...” ಎಂದರು ಅವರು. “ಮೊಮ್ಮಗಳ ಹೆಸರು ಹೇಳಿದ ಅಜ್ಜ. ನಿದ್ದೆ ಬಂತು ಅಂತ ಬರೆಸಿಕೊಂಡ ಆ ತಾಯಿ. ಅವರಿಗೆ ಏನೂ ಸಿಗಲಿಲ್ಲ. ನಾನು ಸಮಾಧಾನ ಅಂತ ಓದಿದ ಒಂದೊಂದು ಸಾಲೂ...” ಸತ್ತ ಗೆಳತಿ ಇಷ್ಟು ದಿನ ಬಂದು ಹೋಗುತ್ತಿದ್ದದ್ದು ಈಗ, ಈ ಬಿಸಿಲಲ್ಲಿ, ನಿಜವಾಗಿ ನಿಂತಿತು.

ಬಿಟ್ಟುಹೋದವರ ಜಾಗ ಖಾಲಿ ಇರುವುದಿಲ್ಲ. ಆವತ್ತು ಆ ವಾರ್ಡಿನ ಪ್ರತಿ ಮಂಚದಲ್ಲೂ ಒಬ್ಬರ ಬದಲು ಇಬ್ಬರು ಮಲಗಿದ್ದ ಹಾಗೆ ಅತ್ತೆಗೆ ಕಂಡಿತು. ಒಬ್ಬರು ಈಗಿನವರು. ಇನ್ನೊಬ್ಬರು ನೋವಿಳಿಯದೆ ಹೋದವರು.

ಇನ್‌ಚಾರ್ಜ್ ಸೆರಗಿನಿಂದ ಮುಖ ಒರೆಸಿಕೊಂಡರು. “ನಾಳೆ ನಾನು ಎಲ್ಲಾ ಹೇಳ್ತೀನಿ. ಕೆಲಸ ಹೋದರೆ ಹೋಗಲಿ.” ಅತ್ತೆ ಅವರ ಭುಜ ಮುಟ್ಟಿದರು. ಇನ್‌ಚಾರ್ಜ್ ಕಂಪ್ಯೂಟರಿನ ಕಡೆ ತಿರುಗಿದರು. “ಮೊದಲು ಇದನ್ನ ಸರಿಯಾಗಿ ಬರೀಬೇಕು. ನನ್ನ ಹೆಸರಲ್ಲಿ. ಆದ್ರೆ ಎರಡನೇ ಸಹಿ...”

“ನಾನು ನೋಡಿದ್ದೀನಿ ಸಿಸ್ಟರ್. ಕಣ್ಣಾರೆ.” ಚಿಕ್ಕ ಸಿಸ್ಟರ್ ಎದ್ದಳು. “ನನ್ನ ಕಾರ್ಡ್ ಬಂದ್ ಮಾಡಿದಾರೆ. ಆದ್ರೂ ಒಂದು ಸಲ...”

ಪರ್ಸಿನಿಂದ ಕಾರ್ಡ್ ತೆಗೆದು ತೋರಿಸಿದಳು. ಕಂಪ್ಯೂಟರ್ ಟಿಂಗ್ ಎಂದಿತು. ಬಂದ್ ಆಗಿರಬೇಕಿದ್ದ ಅವಳ ಖಾತೆ, ಯಾರೋ ಮತ್ತೆ ಚಾಲೂ ಮಾಡಿಸಿಟ್ಟ ಹಾಗೆ, ತೆರೆದುಕೊಂಡಿತು.

‘ನೀವು ಉಳಿಸದೆ ಬಿಟ್ಟ ಬರಹ ಒಂದಿದೆ. ತೆರೆಯಬೇಕೇ?’

“ನಾನು ಏನೂ ಬಿಟ್ಟಿಲ್ಲ,” ಎಂದಳು ಚಿಕ್ಕ ಸಿಸ್ಟರ್.

ಸೊಸೆ ಕೈ ಚಾಚಿ ಒತ್ತಿದಳು.

ಮೇಲೆ ನಾಳೆಯ ತಾರೀಖು. ಕೆಳಗೆ ಅಚ್ಚುಕಟ್ಟಾದ ನಾಲ್ಕು ಸಾಲು. ‘ಮೇಷ್ಟ್ರಿಗೆ ಎರಡು ಇಂಜೆಕ್ಷನ್ ಕೊಟ್ಟವಳು ನಾನೇ. ದೊಡ್ಡ ಸಿಸ್ಟರ್ ಹೆಸರು ಬಳಸಿದವಳೂ ನಾನೇ. ಸಮಿತಿಯ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ. ಇದನ್ನು ನೀವು ಓದುವ ಹೊತ್ತಿಗೆ ನಾನು ಇರುವುದಿಲ್ಲ.’

ಕೊಟ್ಟವರ ಸಹಿಯ ಜಾಗದಲ್ಲಿ ಚಿಕ್ಕ ಸಿಸ್ಟರ್. ನೋಡಿದವರ ಜಾಗದಲ್ಲಿ ಇನ್‌ಚಾರ್ಜ್ ಸಿಸ್ಟರ್.

ಸೊಸೆ ತಂಗಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಳುವಾದ ಸೀಸೆಗಳಲ್ಲಿ ಕೆಲವು ಮಾರಾಟಕ್ಕಲ್ಲ, ಈ ಹುಡುಗಿಯನ್ನು ಮುಗಿಸುವುದಕ್ಕೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

“ಸಿಸ್ಟರ್.” ಅತ್ತೆಯ ದನಿ ಇನ್ನಿಲ್ಲದಷ್ಟು ತಗ್ಗಿತ್ತು. “ಇದು ನಿಮ್ಮ ಸಹಿ.”

“ನಾನೇ ಹಾಕಿದ್ದು,” ಎಂದರು ಇನ್‌ಚಾರ್ಜ್. “ಇವತ್ತು ಬೆಳಿಗ್ಗೆ. ‘ಇಲ್ಲೊಂದು ಕಾರ್ಡ್ ತೋರಿಸಿ’ ಅಂದ್ರು, ತೋರಿಸಿದೆ. ಓದಲಿಲ್ಲ. ನಾವು ಯಾರೂ ಓದಲ್ಲ ಮೇಡಂ, ಮೇಷ್ಟ್ರ ಹಾಳೆಗೆ ಇವಳೂ ಹೀಗೇ ಕಾರ್ಡ್ ತೋರಿಸಿರಬೇಕು. ಅವರು ಹೇಳಿದ್ರೆ ಸಾಕು, ಪೆಟ್ಟಿಗೆ ಕೀಲಿನೂ ಕೊಡ್ತೀವಿ, ನಾವು...”

“ಅವರು ಅಂದ್ರೆ ಯಾರು?”

ಇನ್‌ಚಾರ್ಜ್ ಬಾಯಿ ತೆರೆದರು. ಮಂಚದ ಸುತ್ತ ಎಳೆದಿದ್ದ ಹಸಿರು ಪರದೆಯ ಮೇಲೆ, ಕೊರಳಿಂದ ಸ್ಟೆತಾಸ್ಕೋಪ್ ಇಳಿಬಿದ್ದ ಒಂದು ನೆರಳು ಬಂದು ನಿಂತಿತ್ತು. ಇನ್‌ಚಾರ್ಜ್ ಅತ್ತೆಯ ಕೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದು, ಬೇಡ ಎಂದು ತಲೆಯಾಡಿಸಿದರು.

“ಅಬ್ಬ, ಇಲ್ಲೇ ಇದೀಯಾ ಚಿಕ್ಕವಳೇ?” ಎಂದಿತು ಪರದೆಯಾಚೆಯ ದನಿ, ಬಹಳ ಪ್ರೀತಿಯಿಂದ. “ಎಲ್ಲಾ ಕಡೆ ನಿನ್ನನ್ನೇ ಹುಡುಕ್ತಾ ಇದ್ದೆ.”